ಜಾಡಿಯಲ್ಲಿ ಬೆಳೆದ ಸರ್ಕಾರಿ ಮರ

ಸಾವಿರದ ಒಂಬೈನೂರ ಹದಿಮೂರನೆಯ ಇಸವಿಯಲ್ಲಿ ಶಿವನಿ ಗ್ರಾಮದ ಪಂಕಜಾಕ್ಷಿಯ ಅಡುಗೆಮನೆಯಲ್ಲಿದ್ದ ಹುಳಿಹಿಟ್ಟನ್ನು ಮರವೆಂದು ಘೋಷಿಸಲಾಯಿತು. ಇದಕ್ಕೆ ಯಾರಿಂದಲೂ ತಕರಾರು ಬರಲಿಲ್ಲ. ತಕರಾರು ಸಲ್ಲಿಸುವ ವಾಯಿದೆ ಘೋಷಣೆಗೆ ಎರಡು ದಿನ ಮೊದಲೇ ಮುಗಿದಿತ್ತು.

ಆ ಹಿಟ್ಟು ಊರಿಗೆ ಬಂದದ್ದು ರೈಲಿನ ದೆಸೆಯಿಂದ. ಸ್ಟೇಷನ್ನಿನ ಹಿಂದಿನ ಮನೆಯಲ್ಲಿದ್ದ ಗಾರ್ಡಿನ ಹೆಂಡತಿ ಮೇರಿಯಮ್ಮ ವರ್ಗವಾಗಿ ಹೋಗುವಾಗ ಒಂದು ಜಾಡಿಯನ್ನು ಪಂಕಜಾಕ್ಷಿಯ ಕೈಗಿಟ್ಟು, "ದಿನಾ ಒಂದು ಹಿಡಿ ಗೋಧಿಹಿಟ್ಟು, ಒಂದಿಷ್ಟು ನೀರು ಹಾಕಮ್ಮ. ಉಬ್ಬಿದ ಮೇಲೆ ತೆಗೆದು ಡಬಲ್ ರೊಟ್ಟಿ ಮಾಡು. ಒಂದು ಚಮಚ ಉಳಿಸ್ಕೋ, ಮತ್ತೆ ಬೆಳೀತದೆ" ಎಂದಿದ್ದಳು.

ಪಂಕಜಾಕ್ಷಿ ಹಾಗೇ ಮಾಡಿದಳು. ಮಣ್ಣಿನ ಬೋಗುಣಿಯಲ್ಲಿಟ್ಟು ಮೇಲೆ ಕೆಳಗೆ ಕೆಂಡ ಹಾಕಿ ಬೇಯಿಸಿದ ರೊಟ್ಟಿ ಹತ್ತಿಯ ಹಾಗೆ ಬಂತು. ಅವಳ ಅತ್ತೆ ತೀರ್ಥಮ್ಮನಿಗೆ ಹಲ್ಲಿರಲಿಲ್ಲ. ಗಂಟಲುನೋವಿನಿಂದ ಮುದ್ದೆಯೂ ಇಳಿಯುತ್ತಿರಲಿಲ್ಲ. ನಾಲ್ಕು ತಿಂಗಳು ಗಂಜಿಯಲ್ಲೇ ಜೀವ ಹಿಡಿದಿದ್ದ ಮುದುಕಿ ಹಾಲಲ್ಲಿ ಅದ್ದಿದ ರೊಟ್ಟಿ ತಿಂದು ಎದ್ದು ಕೂತಳು. ಮಾರನೆಯ ದಿನ ಸೊಸೆಯನ್ನು ಬೈಯುವಷ್ಟು ಚೇತರಿಸಿಕೊಂಡಳು. ಅದನ್ನು ಕಣ್ಣಾರೆ ಕಂಡ ಹತ್ತು ಮನೆಯವರು ಒಂದೊಂದು ಚಮಚ ಹಿಟ್ಟು ಕೇಳಿ ಒಯ್ದರು.

ಊರಲ್ಲಿ ಏನೋ ಬೆಳೆಯುತ್ತಿದೆಯೆಂಬ ಸುದ್ದಿ ಅಜ್ಜಂಪುರದ 'ಬೆಳೆಯುವ ಸ್ವತ್ತುಗಳ ಕಚೇರಿ'ಗೆ ಮುಟ್ಟಿತು. ಅದರ ಮುಖ್ಯಸ್ಥರಾದ ಶಿರಸ್ತೇದಾರ್ ಜಯದೇವಪ್ಪನವರು ಜವಾನ ಲಕ್ಕಣ್ಣನೊಡನೆ ಬಂದು ಜಾಡಿಯ ಮುಂದೆ ನಿಂತರು.

"ಇದು ಬೆಳೆಯುತ್ತದೆಯೇ?"

"ದಿನಾ ಬೆಳೀತದೆ ಸ್ವಾಮಿ" ಎಂದಳು ಪಂಕಜಾಕ್ಷಿ.

"ನಡೆದಾಡುತ್ತದೆಯೇ?"

"ಎಲ್ಲಾದ್ರೂ ಉಂಟೇ? ಇಟ್ಟ ಜಾಗದಲ್ಲೇ ಇರ್ತದೆ."

"ನಿಂತಲ್ಲೇ ಬೆಳೆಯುವ ವಸ್ತು. ಬರ್ಕೋ ಲಕ್ಕಣ್ಣ, ಮರ."

"ಯಾವ ಮರ ಬುದ್ಧಿ?"

ಜಯದೇವಪ್ಪನವರು ಬಗ್ಗಿ ಮೂಸಿದರು. "ಹುಳಿ ವಾಸನೆ ಇದೆ. ಹುಣಸೆ ಅಂತ ಬರಿ."

ಹತ್ತು ಮನೆಯ ಜಾಡಿಗಳನ್ನು ಇದರ ಸಸಿಗಳೆಂದು ಸೇರಿಸಿಕೊಂಡು, ಒಟ್ಟಿಗೆ ಶಿವನಿ ಅರಣ್ಯವೆಂದು ಹೆಸರಿಟ್ಟರು. ಜಾಡಿಗೆ ಚೀಟಿ ಅಂಟಿಸಿದರು: 'ಈ ಮರವನ್ನು ಕಡಿಯುವುದು, ಸವರುವುದು, ಚಮಚದಿಂದ ತೋಡುವುದು ಅಪರಾಧ. ದಿನವೂ ಹಿಟ್ಟು ನೀರು ಹಾಕಿ ಪೋಷಿಸುವುದು ಮನೆಯವರ ಕರ್ತವ್ಯ. ಇದರ ನೆರಳಲ್ಲಿ ಮಲಗಕೂಡದು.'

ಹಾಕುವುದುಂಟು, ತೆಗೆಯುವಂತಿಲ್ಲ. ಹಿಟ್ಟು ಜಾಡಿಯಿಂದ ಕೊಳಗಕ್ಕೆ, ಕೊಳಗದಿಂದ ನೀರು ಕಾಯಿಸುವ ಹಂಡೆಗೆ ಬಂತು. ಮನೆಯವರು ತಣ್ಣೀರು ಸ್ನಾನಕ್ಕೆ ಇಳಿದರು. ತೀರ್ಥಮ್ಮ ಮತ್ತೆ ಗಂಜಿಗೆ ಬಂದಳು, ಬೈಗುಳವೂ ನಿಂತಿತು. ಪಂಕಜಾಕ್ಷಿಗೆ ನಿಜಕ್ಕೂ ಭಯವಾದದ್ದು ಆಗಲೇ. ಒಂದು ಚಮಚ ಕಡಿಯಲು ಅಪ್ಪಣೆ ಬೇಡಿ ಅರ್ಜಿ ಕೊಟ್ಟಳು. 'ಮರ ಕಾಯಿ ಬಿಟ್ಟ ಮೇಲೆ ನೋಡೋಣ' ಎಂದು ಜವಾಬು ಬಂತು.

ಆಷಾಢ ಕಳೆದ ಮೇಲೆ ಜಯದೇವಪ್ಪನವರು ಮರದ ಸುತ್ತಳತೆ ತೆಗೆಯಲು ಬಂದರು. ಬೆಳಗ್ಗೆ ಹಿಟ್ಟು ಹಂಡೆಯ ಕಂಠದವರೆಗೆ ಉಬ್ಬಿತ್ತು. ಅವರು ಹಗ್ಗ ಸುತ್ತಿ, ಅಳೆದು, ಊಟ ಮಾಡಿ, ಜಗಲಿಯಲ್ಲಿ ಒರಗಿದರು. ಮೂರು ಗಂಟೆಗೆ ಪಂಕಜಾಕ್ಷಿ ಹೊರಗೆ ಬಂದಳು.

"ಸ್ವಾಮಿ, ತಾನಾಗೇ ಬಿದ್ದ ಮರಕ್ಕೆ ಏನು ಕಾನೂನು?"

"ತಿರುಳು ಮನೆಯವರಿಗೆ, ತೊಗಟೆ ಸರ್ಕಾರಕ್ಕೆ" ಎಂದರು ಅವರು, ಕಣ್ಣು ಮುಚ್ಚಿಕೊಂಡೇ.

"ಹಂಗಾದ್ರೆ ಬಂದು ನೋಡಿ. ಬಿದ್ದೋಗದೆ."

ಬೆಳಗ್ಗೆ ಉಬ್ಬಿದ ಹಿಟ್ಟು, ದಿನವೂ ಆಗುವಂತೆ, ಮಧ್ಯಾಹ್ನಕ್ಕೆ ತಾನಾಗಿ ಕುಸಿದು ಹಂಡೆಯ ತಳ ಸೇರಿತ್ತು. ಜಯದೇವಪ್ಪನವರು ಸುತ್ತ ಮುತ್ತ ಕೊಡಲಿಯ ಗುರುತು ಹುಡುಕಿದರು. ಇರಲಿಲ್ಲ.

"ಗಾಳಿಗೆ ಬಿದ್ದಿದೆ" ಎಂದು ತೀರ್ಮಾನಿಸಿದರು.

ಪಂಕಜಾಕ್ಷಿ ಬಿದ್ದ ಮರವನ್ನು ಹೊಸ ಹಿಟ್ಟಿನೊಡನೆ ನಾದಿ ಬೇಯಿಸಿದಳು. ಮೆತ್ತಗಿನ ತಿರುಳು ತೀರ್ಥಮ್ಮನ ಹಾಲಿನ ಬಟ್ಟಲಿಗೆ ಹೋಯಿತು. ಕೆಂಪಗೆ ಗರಿಗರಿಯಾಗಿದ್ದ ತೊಗಟೆಯನ್ನು ಸುಲಿದು, ಕಾನೂನಿನ ಪ್ರಕಾರ ಸರ್ಕಾರದ ಮುಂದೆ ಇಟ್ಟಳು. ಜಯದೇವಪ್ಪನವರು ಮೇಲೆ ಬೆಣ್ಣೆ ಕೇಳಿದರು. ಬೆಣ್ಣೆ ಹಚ್ಚದೆ ತೊಗಟೆಯ ಗುಣ ತಿಳಿಯುವುದಿಲ್ಲವಂತೆ.

"ಒಲೆ ಮೇಲೆ ಏನೋ ಸೀದೋಗ್ತದೆ ನೋಡೇ" ಎಂದು ಒಳಗಿನಿಂದ ತೀರ್ಥಮ್ಮ ಗದರಿದಳು. ಎಷ್ಟೋ ದಿನದ ಮೇಲೆ ಬೈಗುಳ ಕೇಳಿದ ಸೊಸೆ ಕಣ್ಣೊರೆಸಿಕೊಂಡು ಹೋದಳು.

ಅಂದಿನಿಂದ ಶಿವನಿ ಅರಣ್ಯದ ಹನ್ನೊಂದು ಮರಗಳೂ ದಿನಾ ಮೂರು ಗಂಟೆಗೆ ಬೀಳತೊಡಗಿದವು. ಕಚೇರಿಯವರು ತೊಗಟೆ ವಸೂಲಿಗೆ ಖುದ್ದಾಗಿ ಬರುತ್ತಿದ್ದರು. ಇಷ್ಟೊಂದು ಮರ ಏಕೆ ಬೀಳುತ್ತಿವೆಯೆಂದು ಮೇಲಧಿಕಾರಿಗಳು ಕೇಳಿದರು. ಶಿವನಿಯಲ್ಲಿ ಮೂರು ಗಂಟೆಗೆ ವಿಪರೀತ ಗಾಳಿಯೆಂದು ಜಯದೇವಪ್ಪನವರು ಬರೆದರು. ಗಾಳಿಯ ವಿಚಾರಣೆಗೆ ಮೇಲಧಿಕಾರಿಗಳೇ ಬಂದರು. ನಾಲ್ಕು ತುಂಡು ತೊಗಟೆ ಪರಿಶೀಲಿಸಿ, "ಒಳ್ಳೇ ಗಾಳಿ ಕಣ್ರೀ" ಎಂದು ಷರಾ ಬರೆದು ಹೋದರು.

ಇದನ್ನು ಕೇಳಿದ ಕಡೂರು, ತರೀಕೆರೆಯ ಜನ ತಮಗೂ ಗಾಳಿ ಬೇಕೆಂದು ಮನವಿ ಸಲ್ಲಿಸಿದರು. ಪಂಕಜಾಕ್ಷಿಯ ಹಂಡೆಯಿಂದ ಎರಡು ಚಮಚ ಸಸಿ ಸರ್ಕಾರಿ ಮೊಹರಿನೊಡನೆ ರವಾನೆಯಾಯಿತು. ಕಡೂರಿಗೆ ಮಂಗಳವಾರ, ತರೀಕೆರೆಗೆ ಗುರುವಾರ ಗಾಳಿ ಮಂಜೂರಾಯಿತು.

ಮೊದಲ ಗುರುವಾರ ಮೂರು ಗಂಟೆಗೆ ತರೀಕೆರೆಯ ಪೇಟೆಯಲ್ಲಿ ಒಂದೆಲೆಯೂ ಅಲುಗಲಿಲ್ಲ. ಜನ ರುಮಾಲನ್ನು ಎರಡೂ ಕೈಯಿಂದ ಬಿಗಿಹಿಡಿದು, ಮುಂದಕ್ಕೆ ಬಾಗಿ, ಕಷ್ಟಪಟ್ಟು ಮನೆ ಸೇರಿದರು.