ಮಾವನ ಮರಕ್ಕೆ ಬಿದ್ದ ಹುಳ

ನಮ್ಮ ಬೆಟ್ಟಂಪಾಡಿಯ ಮನೆಯಲ್ಲಿ ಸಾವಿನ ಮಾತು ಬಂತೆಂದರೆ ಸಾಕು, ಎಂತಾದರೊಂದು ನಗೆಪಾಟಲು ಆಗದೆ ಹೋಗುದಿಲ್ಲ. ಅದಕ್ಕೆಲ್ಲ ಕಾರಣ ನನ್ನ ಗಂಡನ ಅಪ್ಪ, ನನ್ನ ಮಾವ.

ಬುಡದಲ್ಲಿ ಹುಡಿ

ನಮ್ಮಲ್ಲಿ ಹೆಣ ಸುಡಲು ಮಾವಿನ ಮರವೇ ಆಗಬೇಕು. ಮಾವ ಗುಡ್ಡೆಯ ಬದಿಯಲ್ಲಿ ತಾನಾಗಿ ಹುಟ್ಟಿದ ಕಾಟುಮಾವಿನ ಮರ ಒಂದನ್ನು ತನಗೆಂದೇ ಇಟ್ಟುಕೊಂಡಿದ್ದರು. ಉಪ್ಪಿನಕಾಯಿಗೆ ಮಿಡಿ ಕೊಯ್ಯುವಾಗಲೂ, "ಕೊಂಬೆ ಮುರಿಯಬೇಡಿ, ಅದು ನನ್ನದು" ಅಂತ ಕೆಳಗಿನಿಂದ ಬೊಬ್ಬೆ. ಕಳೆದ ವರ್ಷ ನೋಡಿದರೆ ಬುಡದಲ್ಲಿ ಬಿಳಿ ಹುಡಿ, ಕಾಂಡದ ತುಂಬ ಸೂಜಿ ಚುಚ್ಚಿದ ಹಾಗೆ ತೂತು.

ತೋಟಗಾರಿಕೆಯ ಆಫೀಸರು ಬಂದು ತೂತಿನಿಂದ ಒಂದು ಸಣ್ಣ ಕಪ್ಪು ಹುಳ ತೆಗೆದು ತಿರುಗಿಸಿ ನೋಡಿದರು.

"ಮರ ಕೊರೆಯುವ ಜಾತಿ ಹೌದು. ಆದರೆ ಇಂಥದ್ದು ನಾನು ಕಂಡದ್ದೇ ಇಲ್ಲ, ಹೆಸರೂ ಗೊತ್ತಿಲ್ಲ. ಮರ ಇನ್ನೊಂದು ಮಳೆಗಾಲ ದಾಟುದಿಲ್ಲ. ಕಡಿದು ಪೂರ್ತಿ ಸುಟ್ಟುಬಿಡಿ, ಇಲ್ಲದಿದ್ದರೆ ಬೇರೆ ಮರಕ್ಕೂ ಹೋಗ್ತದೆ."

"ಸುಡ್ಲಿಕ್ಕೇ ಇಟ್ಟದ್ದು ಮಾರಾಯ್ರೆ," ಅಂದರು ಮಾವ. "ಸ್ವಲ್ಪ ನಿಲ್ಲಿ, ನಾನು ರೆಡಿ ಆಗ್ಬೇಕಲ್ಲ!"

ಡಾಕ್ಟರ ಮಾತು

ಅಂದಿನಿಂದ ಮಾವ ಹಾರ್ಟಿನ ಮಾತ್ರೆ ಬಿಟ್ಟರು. ಮರಕ್ಕಿಂತ ಮೊದಲು ಹೊರಡಬೇಕಂತೆ! ಅಮ್ಮ ಇಲ್ಲದ ನನ್ನನ್ನು ಮಗಳ ಹಾಗೆ ನೋಡಿಕೊಂಡ ಮನುಷ್ಯ ಅವರು. ಹೆದರಿಕೆಯಲ್ಲಿ ನನಗೆ ಊಟವೇ ಸೇರುತ್ತಿರಲಿಲ್ಲ. ಕೊನೆಗೆ ಪುತ್ತೂರಿಗೆ ಎಳೆದುಕೊಂಡು ಹೋದೆ.

ಡಾಕ್ಟರು ಗದರಿದರು: "ಮಾತ್ರೆ ತಿನ್ನದಿದ್ದರೆ ಈ ಮಳೆಗಾಲ ದಾಟುದಿಲ್ಲ ನೀವು."

ಮಾವನ ಮುಖ ಅರಳಿತು. "ನೋಡು ಮಾರಾಯ್ತಿ, ಮರಕ್ಕೂ ಅಷ್ಟೇ ಹೇಳಿದ್ದು!"

ಮೊದಲು ಹೋದವರು

ಮಳೆ ಹಿಡಿಯುವ ಮೊದಲೇ ಹೋದದ್ದು ಆಚೆ ಮನೆಯ ಅಜ್ಜ. ತೋಡಿನ ನೀರಿಗೆ ಜಗಳವಾಗಿ ಅವರಿಗೂ ಮಾವನಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅಜ್ಜನ ಮಗ ನಮ್ಮ ಅಂಗಳಕ್ಕೆ ಬಂದು ತಲೆ ತಗ್ಗಿಸಿ ನಿಂತ. "ನಮ್ಮಲ್ಲಿ ಮಾವಿನ ಮರ ಇಲ್ಲ…"

ಸಾವಿಗೆ ಮರ ಕೇಳಿದರೆ ಇಲ್ಲ ಅನ್ನುವ ಕ್ರಮ ನಮ್ಮಲ್ಲಿಲ್ಲ. ಮಾವ ಅವನನ್ನು ಮರದ ಬುಡಕ್ಕೆ ಕರೆದುಕೊಂಡು ಹೋದರು. ಮತ್ತೆ, "ತೆಗೆದುಕೊಂಡು ಹೋಗು. ಒಂದು ಚಕ್ಕೆಯೂ ಉಳಿಸಬೇಡ" ಅಂದರು. ಮರ ಬೀಳುವಾಗ ಅತ್ತೇಬಿಟ್ಟರು. ನನಗೂ ತಡೆಯಲಿಕ್ಕಾಗಲಿಲ್ಲ.

ಅಲ್ಲಿ ಚಿತೆಯ ಹತ್ತಿರವೂ ಇವರದ್ದೇ ಕಾರುಬಾರು. "ಆ ತುಂಡು ಒಳಗೆ ದೂಡಿ, ಹುಳ ಉಳಿದೀತು!" ಅನ್ನುವ ಬೊಬ್ಬೆ ನಮ್ಮ ಅಂಗಳಕ್ಕೂ ಕೇಳುತ್ತಿತ್ತು.

ಮನೆಗೆ ಬಂದ ಮಾವ ಸ್ನಾನ ಮಾಡಿ, ಒಂದು ಕಾಟುಮಾವಿನ ಗೊರಟನ್ನು ಬಾವಿಕಟ್ಟೆಯ ಆಚೆ ನೆಟ್ಟು, ನೀರು ಹೊಯ್ದು, ಸೀದಾ ಅಡುಗೆಮನೆಗೆ ಬಂದರು.

"ಆ ಮಾತ್ರೆ ಎಲ್ಲಿಟ್ಟಿದ್ದಿ ಮಾರಾಯ್ತಿ? ಆ ಗಿಡ ನನ್ನ ಅಳತೆಗೆ ಬರುವವರೆಗೆ ನನಗಿನ್ನು ಸಾಯ್ಲಿಕ್ಕೆ ಪುರುಸೊತ್ತಿಲ್ಲ."