ಆನೆ ಸಾಲಿನ ಸ್ವೆಟರ್

ಆ ವರ್ಷದ ಚಳಿಗೆ ಮುನಿಶಾಮಪ್ಪ ಸ್ವೆಟರ್ ಹಾಕಿಕೊಳ್ಳದೆ ನಡುಗುತ್ತಲೇ ಕಚೇರಿಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನೆಗಡಿಯಾಗುತ್ತಿತ್ತು, ಎರಡು ದಿನ ಸೀನಿ ವಾಸಿಯಾಗುತ್ತಿತ್ತು. ಆದರೆ ಹಣೆಬರಹ ನೆಟ್ಟಗಿಲ್ಲದವನಿಗೆ ಚಳಿಯೂ ಜಾಸ್ತಿ ನೋಡಿ.

ಹೆಬ್ಬಾಳದ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ನಾಲ್ಕು ವರ್ಷದಿಂದ ಹಂಗಾಮಿ ಗುಮಾಸ್ತ. ಈ ಡಿಸೆಂಬರ್ ಕಳೆದರೆ ಅದೂ ಮುಗಿಯಿತು. ಒಂದೇ ಒಂದು ಖಾಯಂ ಹುದ್ದೆ ಬಂದಿತ್ತು. ಅದಕ್ಕೆ ಯಾರ ಹೆಸರು ಬರೆಯಬೇಕೆಂಬುದು ಸಾಹೇಬರಾದ ವೆಂಕಟರಾಮಯ್ಯನವರ ಕೈಯಲ್ಲಿತ್ತು. ಅವರ ಕಣ್ಣು ಒಂದು ಸೋಮವಾರ ಮುನಿಶಾಮಪ್ಪನ ಎದೆಯ ಮೇಲೆ ನಿಂತಿತು. ಹಸಿರು ಸ್ವೆಟರ್, ಅದರ ಸುತ್ತ ಬಾಲ ಹಿಡಿದು ಸಾಲಾಗಿ ಹೊರಟ ಬಿಳಿ ಆನೆಗಳು.

"ಯಾರಪ್ಪ ಹೆಣೆದಿದ್ದು ಇದನ್ನ?"

ಹೆಣೆದಿದ್ದು ಮುನಿಶಾಮಪ್ಪನೇ. ಹಿಂದೆ ಮಿಲಿಟರಿ ಉಗ್ರಾಣದಲ್ಲಿದ್ದಾಗ ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದ್ದ. ಹಾಸಿಗೆಯಲ್ಲಿ ಹುಚ್ಚು ಹಿಡಿಯದಿರಲಿ ಎಂದು ಒಬ್ಬ ನರ್ಸಮ್ಮ ಕೈಗೆ ಎರಡು ಕಡ್ಡಿ, ಎರಡು ಬಣ್ಣದ ಉಲ್ಲನ್ ಕೊಟ್ಟು ಕಲಿಸಿದ್ದಳು. ಆದರೆ ಇಷ್ಟು ದಪ್ಪ ಮೀಸೆ ಇಟ್ಟುಕೊಂಡು ಕಚೇರಿಯ ಜವಾನರ ಮುಂದೆ ಅದನ್ನು ಹೇಳುವುದು ಹೇಗೆ?

"ನಮ್ಮ ಮನೆಯವ್ರು ಸಾರ್, ಗಂಗರತ್ನಮ್ಮ ಅಂತ" ಎಂದುಬಿಟ್ಟ.

ಅವನ ಹೆಂಡತಿ ಗಂಗರತ್ನಮ್ಮ ಕಿತ್ತುಹೋದ ಗುಂಡಿ ಹಾಕಿಸುವುದಕ್ಕೂ ಪಕ್ಕದ ಮನೆಗೆ ಹೋಗುವವಳು.

"ಹಾಗಾದ್ರೆ ನನಗೂ ಒಂದು ಇಂಥದ್ದೇ ಆಗ್ಲಿ. ಶನಿವಾರ ಸಾಯಂಕಾಲ ಡೆಲ್ಲಿಗೆ ಹೊರಡ್ತಾ ಇದೀನಿ. ಅಲ್ಲಿ ಚಳಿ ಕೊಲ್ಲುತ್ತಂತೆ. ಹೊರಡೋದ್ರೊಳಗೆ ನಿನ್ನ ವಿಷಯಾನೂ ನೋಡೋಣ."

ರಾತ್ರಿಯೆಲ್ಲ ನಿದ್ದೆಗೆಟ್ಟು ಹೆಣೆದರೂ ಶನಿವಾರ ಬೆಳಗಾದಾಗ ಸಾಹೇಬರ ಸ್ವೆಟರಿನ ಎಡಗೈ ತೋಳು ಅರ್ಧ ಬಾಕಿಯಿತ್ತು. ಹೊಟ್ಟೆನೋವೆಂದು ರಜಾ ಚೀಟಿ ಕಳಿಸಿ, ಗಂಗಾನಗರದ ತನ್ನ ಮನೆಯಲ್ಲಿ ಕದ ಹಾಕಿಕೊಂಡು ಮುನಿಶಾಮಪ್ಪ ಕೂತ. ಎರಡು ಬಣ್ಣದ ಹೆಣಿಗೆ ಎಂದರೆ ಸುಮ್ಮನೆ ಅಲ್ಲ. ಬಿಳಿ ಎಳೆ ಮುಂದೆ ಆನೆಯಾಗುವಾಗ ಹಸಿರು ಎಳೆ ಬೆನ್ನ ಹಿಂದೆ ಹಾದುಹೋಗುತ್ತಿರಬೇಕು, ಹಸಿರು ಮುಂದೆ ಬಂದಾಗ ಬಿಳಿಯದು ಹಿಂದೆ. ಹಿಂದಿನ ಎಳೆಯನ್ನು ಬಿಗಿಯಾಗಿ ಎಳೆದರೆ ಬಟ್ಟೆಯೆಲ್ಲ ಮುದುಡಿಕೊಳ್ಳುತ್ತದೆ. ಕಡಿದರಂತೂ ಆನೆಯೇ ಬಿಚ್ಚಿಹೋಗುತ್ತದೆ.

ಹತ್ತು ಗಂಟೆಗೆ ಯಾರೋ ಬಾಗಿಲು ಬಡಿದರು. ಹೊಟ್ಟೆನೋವಿನ ಸುದ್ದಿ ಎದುರುಮನೆ ಗೋಪಾಲಮ್ಮನಿಗೆ ಮುಟ್ಟಿತ್ತು. ಮುನಿಶಾಮಪ್ಪ ಹೆಣಿಗೆಯನ್ನು ಹೆಂಡತಿಯ ಮಡಿಲಿಗೆ ಎಸೆದು, ಕಂಬಳಿ ಹೊದ್ದು ಮಲಗಿಬಿಟ್ಟ.

"ಓಮದ ಕಷಾಯ ತಂದಿವ್ನಿ ಮುನಿಶಾಮಣ್ಣ, ಕುಡಿ" ಎಂದು ಗೋಪಾಲಮ್ಮ ಚೊಂಬು ಹಿಡಿದು ಒಳಗೆ ಬಂದಳು. ಕಣ್ಣು ಗಂಗರತ್ನಮ್ಮನ ಮಡಿಲಿಗೆ ಹೋಯಿತು. "ಇದ್ಯಾವಾಗ ಕಲ್ತೆ ರತ್ನಮ್ಮ? ಒಂದ್ ಮಾತೂ ಯೋಳ್ನಿಲ್ವಲ್ಲ. ಎಲ್ಲಿ, ಎಂಗ್ ಆಕ್ತೀಯ ತೋರ್ಸು."

ಗಂಗರತ್ನಮ್ಮ ಗಂಡನ ಮುಖ ನೋಡಿದಳು. ಗಂಡನ ಮುಖ ಕಂಬಳಿಯೊಳಗಿತ್ತು.

"ನಂಗೆ ಕೈ ನೋಯ್ತೈತೆ ಕಣಕ್ಕ."

"ಅಂಗಾರೆ ಕೊಡಿಲ್ಲಿ. ನಮ್ಮ ಸೋದರತ್ತೆ ತಾವ ಒಸಿ ಕಲ್ತಿದ್ದೆ."

ಗೋಪಾಲಮ್ಮನ ಕೈ ಬಾವಿಯಲ್ಲಿ ನೀರು ಸೇದಿದ ಕೈ. ಒಂದೊಂದು ಎಳೆಯನ್ನೂ ಹಗ್ಗ ಜಗ್ಗಿದ ಹಾಗೆ ಜಗ್ಗಿ ಎಂಟು ಸಾಲು ಹಾಕಿದಳು. ಮೊಣಕೈ ಹತ್ತಿರ ತೋಳು ಕಳಸದ ಕುತ್ತಿಗೆಯಂತಾಯಿತು, ಅಲ್ಲಿದ್ದ ಆನೆ ಹಂದಿಮರಿಯಾಯಿತು. ಕಂಬಳಿಯ ತೂತಿನಿಂದ ನೋಡುತ್ತಿದ್ದ ಮುನಿಶಾಮಪ್ಪ ನರಳಿದ.

"ಪಾಪ, ವಾಯು" ಎಂದು ಗೋಪಾಲಮ್ಮ ಇನ್ನೊಂದು ಲೋಟ ಕಷಾಯ ಕುಡಿಸಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಶಹರ್ಬಾನು ಬಂದಳು. ಅವಳ ಗಂಡ ಖಾದರ್ ಬಾಷಾ ದರ್ಜಿ. ಗಂಡ ಹೊಲಿದ ಬಟ್ಟೆಯ ದಾರದ ತುದಿಗಳನ್ನು ಕತ್ತರಿಸಿ ಚೊಕ್ಕಟ ಮಾಡುವುದು ಇವಳ ಕೆಲಸ. ಕತ್ತರಿ ಯಾವಾಗಲೂ ಸೊಂಟದಲ್ಲೇ. ಅವಳು ಮಗುವನ್ನು ಎತ್ತಿಕೊಳ್ಳುವಷ್ಟು ಪ್ರೀತಿಯಿಂದ ಸ್ವೆಟರಿನ ಮೈಯನ್ನು ಎತ್ತಿಕೊಂಡು ಒಳಮೈ ತಿರುಗಿಸಿದಳು.

"ಏನಕ್ಕ, ಹೊರಗೆ ಇಷ್ಟು ಚೆಂದ, ಒಳಗೆ ಇಷ್ಟೊಂದು ದಾರ ಬಿಟ್ಟಿದ್ದೀರಲ್ಲ? ಯಾರಾದ್ರೂ ಹಾಕ್ಕೊಂಡ್ರೆ ಬೆರಳು ಸಿಕ್ಕೊಳ್ತದೆ. ನೀವು ಗಂಡನ್ನ ನೋಡಿಕೊಳ್ಳಿ, ನಾನು ಚೊಕ್ಕಟ ಮಾಡ್ತೀನಿ."

ಕತ್ತರಿ ಕಚಕ್ ಎಂದಿತು. ಬೇಡ ಎನ್ನಬೇಕೆಂದು ಮುನಿಶಾಮಪ್ಪ ಎದ್ದು ಕೂತ, ಆದರೆ ಏಕೆ ಬೇಡ ಎಂದು ಹೇಳುವುದಕ್ಕೆ ಅವನಿಗೆ ಹೆಣಿಗೆ ಗೊತ್ತಿರಬಾರದಲ್ಲ. ಕಚಕ್, ಕಚಕ್. ಗೋಪಾಲಮ್ಮ ಅವನ ಭುಜ ಅದುಮಿ ಮತ್ತೆ ಮಲಗಿಸಿದಳು. "ಕಣ್ಣಾಗ್ ನೀರ್ ಬತ್ತಾವಲ್ಲ, ಪಾಪ, ಎಷ್ಟ್ ನೋವೈತೋ" ಎಂದಳು. ನೋವು ಇದ್ದದ್ದು ನಿಜ.

ಅವರಿಬ್ಬರೂ ಹೋಗುವ ಹೊತ್ತಿಗೆ ಹನ್ನೆರಡೂವರೆ. ಹದಿನೆಂಟು ಆನೆಗಳ ಬೆನ್ನ ಹಿಂದಿನ ಎಳೆ ಕತ್ತರಿಸಿಹೋಗಿತ್ತು. ಎರಡು ಆನೆಗಳು ಆಗಲೇ ಕಾಲು ಬಿಚ್ಚಿಕೊಳ್ಳುತ್ತಿದ್ದವು. ಮುನಿಶಾಮಪ್ಪ ಅನ್ನ ಬಿಟ್ಟು, ನೀರು ಬಿಟ್ಟು, ಒಂದೊಂದು ತುಂಡನ್ನೂ ಹುಡುಕಿ ಗಂಟು ಹಾಕಿದ. ಗೋಪಾಲಮ್ಮನ ಎಂಟು ಸಾಲು ಬಿಚ್ಚಲು ಹೊತ್ತಿರಲಿಲ್ಲ. ಅದರ ಮೇಲೆಯೇ ತೋಳು ಮುಗಿಸಿದ. ನಾಲ್ಕೂವರೆಗೆ ಸೈಕಲ್ ಹತ್ತಿದಾಗ ಬೆರಳುಗಳು ಬಗ್ಗುತ್ತಿರಲಿಲ್ಲ.

ಕಚೇರಿಯಲ್ಲಿ ಹಾಸಿಗೆ ಸುರುಳಿ, ಟ್ರಂಕು ಕಟ್ಟಿ ಇಟ್ಟಿದ್ದರು. ಸಾಹೇಬರು ಸ್ವೆಟರ್ ತೊಟ್ಟರು. ಎಡಗೈ ಮೊಣಕೈ ಹತ್ತಿರ ನಿಂತುಬಿಟ್ಟಿತು. ಒಬ್ಬ ಜವಾನ ತೋಳು ಹಿಡಿದ, ಇನ್ನೊಬ್ಬ ಸಾಹೇಬರನ್ನೇ ಹಿಡಿದ. ಇಬ್ಬರೂ ಎಳೆದರು. ಮುನಿಶಾಮಪ್ಪ ಕಣ್ಣು ಮುಚ್ಚಿ ಯಲಹಂಕದ ಕಡೆಯ ದೇವರನ್ನೆಲ್ಲ ನೆನೆದ. ಕೈ ಹೊರಗೆ ಬಂತು.

ಸಾಹೇಬರು ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡರು. "ಒಳಗೆ ಸ್ವಲ್ಪ ಚುಚ್ಚುತ್ತೆ. ಆದ್ರೂ ಎಂಥ ಕೈ ಕಣಯ್ಯ ಆಕೇದು. ಒಂದ್ ನಿಮಿಷ ಕೂತ್ಕೊ."

ಅವರು ಒಳಗೆ ಹೋಗಿ ಕಾಗದ ಬೆರಳಚ್ಚು ಮಾಡಿಸಿ, ರುಜು ಹಾಕಿ, ಲಕೋಟೆ ತಂದು ಅವನ ಕೈಗಿಟ್ಟರು. ಮುನಿಶಾಮಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡ. ನಾಲ್ಕು ವರ್ಷದ ಕಾಯುವಿಕೆ, ಕಷಾಯ, ಕತ್ತರಿ ಎಲ್ಲ ಮರೆತುಹೋಯಿತು. ಬಿಡಿಸಿ ಓದಿದ. ಖಾಯಂ ಎಂದೇ ಇತ್ತು. ಹೆಸರು ಮಾತ್ರ ಶ್ರೀಮತಿ ಗಂಗರತ್ನಮ್ಮ. ಹುದ್ದೆ, ಕಚೇರಿಗೆ ಸೇರಿದ ಮಹಿಳಾ ಕೇಂದ್ರದ ಹೆಣಿಗೆ ಶಿಕ್ಷಕಿ. ಸೋಮವಾರವೇ ಕೆಲಸಕ್ಕೆ ಸೇರಬೇಕು.

"ಆ ಹುದ್ದೇನ ಗುಮಾಸ್ತನಿಗಾದ್ರೂ ಕೊಡಬಹುದಿತ್ತು, ಶಿಕ್ಷಕಿಗಾದ್ರೂ ಕೊಡಬಹುದಿತ್ತು" ಎಂದರು ಸಾಹೇಬರು. "ನಿನ್ನ ಹೆಸರೇ ಬರೆದಿದ್ದೆ. ಇದನ್ನ ತೊಟ್ಟ ಮೇಲೆ ಮನಸ್ಸು ಒಪ್ಪಲಿಲ್ಲ. ಗುಮಾಸ್ತರು ಬೀದಿಗೊಬ್ಬರು ಸಿಗ್ತಾರೆ. ಯಾರ ಹೆಸರಾದ್ರೇನು, ನಿಮ್ಮ ಮನೆಗೇ ತಾನೇ?"

"ನಾನು ಸಾರ್?"

"ನಿಂದು ಈ ತಿಂಗಳಿಗೆ ಮುಗಿಯುತ್ತಲ್ಲ. ಒಂದೇ ಮನೇಲಿ ಇಬ್ಬರನ್ನ ಇಟ್ಕೊಂಡ್ರೆ ಜನ ಏನಂತಾರೆ?"

ಮುನಿಶಾಮಪ್ಪನ ಮೀಸೆ ಅದುರಿತು. ಮಾನ ಹೋದರೆ ಹೋಗಲಿ ಎಂದು ಎಲ್ಲರ ಮುಂದೆ ಬಾಯಿಬಿಟ್ಟ. "ಸಾರ್, ಅದನ್ನ ಹೆಣೆದೋನು ನಾನು."

ಜವಾನರು ನಕ್ಕರು. ಸಾಹೇಬರು ನಗಲಿಲ್ಲ. ಬೇಜಾರಿನಿಂದ ತಲೆಯಾಡಿಸಿದರು. "ಹೆಂಡತಿಗೆ ಒಳ್ಳೇದಾದ್ರೆ ಇಷ್ಟು ಹೊಟ್ಟೆಕಿಚ್ಚು ಪಡಬಾರದಪ್ಪ."

ಮನೆಗೆ ಬಂದು ಕಾಗದ ಓದಿ ಹೇಳಿದಾಗ ಗಂಗರತ್ನಮ್ಮ ಎದ್ದು ಕದ ಹಾಕಿ, ಚಾಪೆ ಹಾಸಿ, ಅವನ ಮುಂದೆ ಬಂದು ಕೂತಳು.

"ಸೋಮವಾರಕ್ಕೆ ಇನ್ನೊಂದೇ ದಿನ ಐತೆ. ಕಡ್ಡಿ ಎಂಗ್ ಇಡ್ಕಳದು, ತೋರ್ಸಿ."