ಕೇಳುವಿನ ಅಪ್ಪನ್ನ ನಾ ಬದುಕಿಸಿದ್ದು

ಬಾರದ ಭಾಷಾ ಬರ್ತದ ಅಂತ ಹೇಳಿ ನೀವು ಯಾವಾಗರ ಸಿಕ್ಕೊಂಡೀರೇನ್ರೀ? ಖರೇ ಹೇಳ್ರಿ. ನಾಲ್ಕು ಮಂದಿ ತಿಳಿಯದ ಭಾಷಾದಾಗ ಜೋಕ್ ಹೇಳಿ ನಕ್ಕಾಗ, ನಾವೊಬ್ಬರ ಹಿಂದ ಉಳೀಬಾರದು ಅಂತ ಹೊಟ್ಟಿ ಹಿಡಕೊಂಡು ನಕ್ಕಿಲ್ಲೇನು? ನಕ್ಕಿಲ್ಲ ಅಂದ್ರ ನೀವು ಮುಂಬೈದಾಗ ಇದ್ದವರ ಅಲ್ಲ ಬಿಡ್ರಿ. ನಾ ಹಂಗ ನಕ್ಕಾಂವ, ತಲಿ ಆಡಿಸಿದಾಂವ, ಒಮ್ಮೆ ಅತ್ತಾಂವ ಸುದ್ದಾ. ಆ ತಲಿ ಆಡಿಸಿದ್ದರಿಂದ ಒಬ್ಬ ಹರೇದ ಹುಡುಗ ಮಲಯಾಳಂ ಸಿನಿಮಾದಾಗ ಮೂವತ್ತು ವರ್ಷ ಮುದುಕನಾಗಿ ಬದುಕಬೇಕಾತು. ಮೊಮ್ಮಗಳು ಫೋನಿನ್ಯಾಗ ಕನ್ನಡ ಅಕ್ಷರ ಹಾಕಿಕೊಟ್ಟಾಳ. ಅದಕ್ಕ ಇವತ್ತು ಬರದು ಹಗರಾಗ್ತೇನಿ.

ಐವತ್ತರ ದಶಕದ ಮಾತು. ನಾ ಧಾರವಾಡದಿಂದ ಬಂದು ಬೈಕುಲ್ಲಾದ ಒಂದು ವರ್ಕ್‌ಶಾಪಿನ್ಯಾಗ ಟೈಪಿಸ್ಟ್ ಆಗಿದ್ದೆ. ಇರೋದು ಕುರ್ಲಾದ ಚಾಳಿನ್ಯಾಗ. ಆಗ ನಮ್ಮ ಧಾರವಾಡ ಮುಂಬೈ ರಾಜ್ಯದಾಗ ಇತ್ತು. ಅಂದ್ರ ಕಾನೂನು ಪ್ರಕಾರ ನಾ ಅಲ್ಲಿಯವನ. ಆದ್ರ ಚಾಳಿನ ಮಂದಿಗೆ ನಾ 'ಮದ್ರಾಸಿ'. ನನ್ನ ಖೋಲಿಗೆ ಎರಡನೇ ಮನುಷ್ಯಾ ಬೇಕಾದಾಗ ಮಾಲಕ "ತುಮ್ಹಾರಾ ಗಾಂವ್‌ವಾಲಾ ಆಯಾ ಹೈ" ಅಂತ ಒಬ್ಬನ್ನ ತಂದು ನಿಲ್ಲಿಸಿದ. ನೋಡಿದ್ರ ಆಸಾಮಿ ಕೇರಳದ ತಲಶ್ಶೇರಿ ಕಡೆಯವ! ನಮ್ಮೂರಿಂದ ಅವನೂರಿಗೆ ಹೋಗೋದಕ್ಕಿಂತ ಮುಂಬೈಗೆ ಬರೋದು ಸಸಾರ.

"ಹೆಸರೇನಪಾ?" ಅಂದೆ.

"ಕೇಳು."

"ಕೇಳ್ಲಿಕ್ಕತ್ತೇನಲ್ಲೋ. ಹೆಸರೇನು?"

"ಕೇಳು!"

"ಅಲ್ಲೋ ಮಾರಾಯಾ, ಇನ್ನೆಷ್ಟು ಸಲ ಕೇಳ್ಲಿ?"

ಕಡೀಗೆ ಅವ ತನ್ನ ಟ್ರಂಕಿನ ಮ್ಯಾಲೆ ಇಂಗ್ಲಿಷಿನ್ಯಾಗ ಬರದಿದ್ದ ಹೆಸರು ತೋರಿಸಿದ. ಪಾಪ, ಅವನ ಹೆಸರ ಕೇಳು. ನಮ್ಮ ದೋಸ್ತಿ ಶುರು ಆದದ್ದು ಹಿಂಗ, ಮುಂದ ನಡದದ್ದೂ ಹಿಂಗ. ಅವನ ಮುರುಕು ಇಂಗ್ಲಿಷ್, ನನ್ನ ಮುರುಕು ಹಿಂದಿ, ಉಳಿದದ್ದು ಕೈಸನ್ನಿ.

ಕೇಳುಗ ಸಿನಿಮಾ ಹುಚ್ಚು. ನಟನೂ ಆಗಬೇಕು, ಕಥಿನೂ ಬರೀಬೇಕು. ಎರಡು ವರ್ಷದಾಗ ಅವ ಮಾಡಿದ ಪಾರ್ಟು ಒಂದ: ಹಿಂದಿ ಫಿಲ್ಮಿನ್ಯಾಗ ರಾಜನ ಹಿಂದ ಭರ್ಚಿ ಹಿಡದು ನಿಂತದ್ದು. ಅದರೊಳಗೂ ರಾಜನ ಕಿರೀಟ ಅಡ್ಡ ಬಂದು ಮಾರಿ ಕಾಣಲಿಲ್ಲ. ಆದ್ರ ಕಥಿ ಮಾತ್ರ ಬರೀತಿದ್ದ, ಮಲಯಾಳಂನ್ಯಾಗ. ಪ್ರತಿ ರವಿವಾರ ನನ್ನನ್ನ ಮುಂದ ಕೂಡಿಸಿಕೊಂಡು ಓದಿ ತೋರಸ್ತಿದ್ದ. ನನಗ ಒಂದಕ್ಷರ ತಿಳೀತಿದ್ದಿಲ್ಲ. ಆದ್ರ ಅವ ದನಿ ಇಳಿಸಿದಾಗ ನಿಟ್ಟುಸಿರು, ಏರಿಸಿದಾಗ "ವಾಹ್". ಒಂದು ರವಿವಾರ ನಾ ಉಳ್ಳಾಗಡ್ಡಿ ಹೆಚ್ಚಲಿಕ್ಕತ್ತಿದ್ದೆ, ಕಣ್ಣಾಗ ನೀರು ಬಂತು. ಕೇಳು ಓದೋದು ನಿಲ್ಲಿಸಿ ನನ್ನ ಕೈ ಹಿಡಕೊಂಡ. "ನಿನಗ ನನ್ನ ಭಾಷಾ ಪೂರ್ತಿ ತಿಳೀತದ!" ಅಂದ. ಹೌದು ಅಂದೆ. ಇಲ್ಲ ಅನ್ನಲಿಕ್ಕೆ ಆ ಉಳ್ಳಾಗಡ್ಡಿ ಬಿಡಲಿಲ್ಲ.

ಅಷ್ಟರಾಗ ಊರಿಂದ ಅವನ ಸೋದರಮಾವನ ಕಾಗದ ಬಂತು. ಮಾವಂದು ಅರಿವಿ ಅಂಗಡಿ, ಸೀರಿ-ಧೋತರದ ವ್ಯಾಪಾರ. "ತಿಂಗಳ ಕಡೀಗೆ ಬಂದು ಅಂಗಡಿಯೊಳಗ ಕೂಡು. ಇಲ್ಲಂದ್ರ ಈ ಮನಿ ಮೆಟ್ಟಲಾ ಮತ್ತ ಹತ್ತಬ್ಯಾಡ" ಅಂತ ಬರದಿದ್ದ. ಅದ ವಾರ ಮಲಾಡದ ಒಬ್ಬ ಸೇಠಜೀ ಮದ್ರಾಸಿನ್ಯಾಗ ಮಲಯಾಳಂ ಫಿಲ್ಮ್ ತಗೀಬೇಕಂತಾರ, ಕಥಿ ಹುಡಕ್ಲಿಕ್ಕತ್ತಾರ ಅಂತ ಸುದ್ದಿ ಸಿಕ್ತು. ಸೇಠಜೀಗೆ ಮಲಯಾಳಂ ಬರೂದಿಲ್ಲ, ಕೇಳುಗ ಹಿಂದಿ ಅಷ್ಟಕ್ಕಷ್ಟ; ಅವ ಮಲಯಾಳಂನ್ಯಾಗ ಹೇಳಿದ್ದನ್ನ ಯಾರರೆ ಹಿಂದಿಗೆ ತಿರುಗಿಸಬೇಕು. ಕೇಳು ನನ್ನ ಮಾರಿ ನೋಡಿದ. "ಇದು ಆಗಲಿಲ್ಲಂದ್ರ ನಾ ಜೀವನಪೂರ್ತಿ ಅರಿವಿ ಹರ್ಕೋತ ಕೂಡಾಂವ. ನೀ ಬಾ." ಮನಸ್ಸಿನ್ಯಾಗ ಹನುಮಪ್ಪನ್ನ ನೆನಸಿ, ಹೂಂ ಅಂದೆ.

ಸೇಠಜೀ ಗಾದಿ ಮ್ಯಾಲೆ ಕೂತಿದ್ರು. ಕೇಳು ಬರೇ ಕಥಿ ಹೇಳೂದಿಲ್ಲ, ಅಭಿನಯ ಮಾಡ್ತಾನ. ಮಗ ಭಾಳ ವರ್ಷದ ಮ್ಯಾಲೆ ಊರಿಗೆ ಬರ್ತಾನ, ಬಾಗಲಾ ತಗೀತಾನ, ಎದಿ ಬಡಕೋತಾನ. "ಅಚ್ಛಾ! ಅಚ್ಛಾ!"

ಸೇಠಜೀ ಹುಬ್ಬು ಏರಿಸಿದ್ರು. "ಅಚ್ಛಾ ಹೈ ತೋ ರೋತಾ ಕಾಯ್ಕೂ ಹೈ?"

ಚಲೋ ಇದ್ರ ಅಳೋದ್ಯಾಕ ಅಂತ ಅವರ ಪ್ರಶ್ನಾ. ಈ ಶಬ್ದ ನನಗ ಗೊತ್ತಿತ್ತು! "ಸೇಠಜೀ, ಇವರಲ್ಲೆ ಅಪ್ಪನ್ನ ಅಚ್ಛಾ ಅಂತ ಕರೀತಾರ" ಅಂತ ಹಿಂದಿಯೊಳಗ ಹೇಳಿದೆ. ಸೇಠಜೀ ನನ್ನ ಪಾಂಡಿತ್ಯಕ್ಕ ತಲಿದೂಗಿದ್ರು. ಅಲ್ಲೇ ನನ್ನ ತಲಿ ತಿರಗಿತು ನೋಡ್ರಿ. ಮುಂದ ಕೇಳು ನೆಲಕ್ಕ ಕುಸದು "ಅಚ್ಛನ್ ಮರಿಚ್ಚು!" ಅಂದ. ಮರಿಚ್ಚು. ಇದೇನು ಬ್ರಹ್ಮವಿದ್ಯಾನ? ನಮ್ಮದರ ಅಕ್ಕತಂಗಿ ಭಾಷಾ. ಮರಿಚ್ಚು ಅಂದ್ರ ಮರೆತ. "ಬಾಪ್ ಭೂಲ್ ಗಯಾ" ಅಂದೆ.

"ಅರೆ! ಬೇಟೇ ಕೋ ಭೂಲ್ ಗಯಾ?" ಸೇಠಜೀ ಲೋಡು ಬಿಟ್ಟು ಮುಂದ ಸರದು ಕೂತ್ರು.

ಆಮ್ಯಾಲೆ ಕೇಳು ಹೆಗಲ ಮ್ಯಾಲೆ ಏನೋ ಹೊತ್ತಂಗ ಮಾಡಿ ಸಾವಕಾಶ ನಡದ. "ಡಾಕ್ಟರ್ ಕೇ ಪಾಸ್ ಲೇ ಜಾತೇ ಹೈಂ" ಅಂದೆ. ಸೇಠಜೀ "ಲಿಟಾಕೇ?" ಅಂದ್ರು, ಮಲಗಿಸಿಕೊಂಡು ಯಾಕ ಅಂತ. "ಹಳ್ಳಿ ಅಲ್ಲೇನ್ರೀ, ಟಾಂಗಾ ಸಿಗೂದಿಲ್ಲ" ಅಂದೆ. ಅಷ್ಟರಾಗ ಕೇಳು ಹೆಗಲ ಮ್ಯಾಲೆ ಗಡಿಗಿ ಇಟ್ಟುಕೊಂಡಂಗ ಮೂರು ಸುತ್ತು ಹಾಕಿ, ಮಾರಿ ತಿರುಗಿಸಿ ನಿಂತು, ಬೆನ್ನ ಹಿಂದ ಕೈ ಚಾಚಿ ಬೆಂಕಿ ಇಟ್ಟಂಗ ಮಾಡಿದ.

ಅಯ್ಯೋ ದೇವರ. ಮರಿಚ್ಚು ಅಂದ್ರ ಸತ್ತ!

"ಯೇ ಆಗ್ ಕೈಸಾ?" ಅಂದ್ರು ಸೇಠಜೀ.

"ಥಂಡೀ ಹೈ, ಸೇಠಜೀ."

"ಮದ್ರಾಸ್ ಮೇ ಥಂಡೀ?"

ಖರೇ ಹೇಳಿಬಿಡಬೇಕಂತ ಬಾಯಿ ತಗದೆ. ನೋಡಿದ್ರ ಸೇಠಜೀ ಕಣ್ಣಾಗ ನೀರು. "ಪೆಹಲೇ ಬತಾ, ಬಾಪ್ ಕೋ ಯಾದ್ ಆಯಾ ಕೀ ನಹೀಂ?" ಸುಟ್ಟು ಬೂದಿ ಆದ ಮನುಷ್ಯಾಗ ನೆನಪು ತರಿಸೋದು ಹೆಂಗ್ರೀ? ಬೆಂಕಿ ಬರೇ ಮಗನ ಕೆಟ್ಟ ಕನಸು ಅಂದೆ. ಕೇಳು ಸುಸ್ತಾಗಿ ನಿಂತಿದ್ದ. ಎದಿ ಬಡಕೊಂಡ ರಭಸಕ್ಕ ಅಂಗಿ ಗುಂಡಿ ಬಿಚ್ಚಿದ್ವು. ಅದನ್ನ ನೋಡ್ಕೋತ ನಾ ಬಾಯಿಗೆ ಬಂದದ್ದು ಹೇಳಿದೆ: ಮಗ ಬ್ಯಾಸತ್ತು ವಾಪಸ್ ಹೊಂಟಾಗ ಅಪ್ಪ ತಡೀತಾನ. ಹೆಸರು ನೆನಪಾಗೂದಿಲ್ಲ. ಆದ್ರ ಕೈ ತಾನಾಗೇ ಹೋಗಿ ಮಗನ ಅಂಗಿ ಗುಂಡಿ ಹಾಕ್ತದ, ಸಣ್ಣಾಂವ ಇದ್ದಾಗ ಹಾಕ್ತಿದ್ದಂಗ. ಮುಗೀತು.

ಸೇಠಜೀ ಮೂಗು ಒರಸ್ಕೊಂಡು ಎದ್ದು ಕೇಳುನ್ನ ತಬ್ಬಿದ್ರು. ಕಥಿ ಪಸಂದ. ಇಷ್ಟು ಅಳಿಸಿದಾಂವ ಅಪ್ಪನ ಪಾರ್ಟೂ ತಾನ ಮಾಡಬೇಕು ಅಂದ್ರು. ಕೇಳು ನನ್ನ ಕಡೆ ನೋಡಿ ನಕ್ಕ. ಆ ನಗಿ ನೋಡಿ ನನಗ ಓಡಿಹೋಗಬೇಕು ಅನಸ್ತು.

ವಾಪಸ್ ಬರೋವಾಗ ಲೋಕಲ್‌ನ್ಯಾಗ ಎಲ್ಲಾ ಬಾಯಿಬಿಟ್ಟೆ. ಮಲಯಾಳಂ ಬರೂದಿಲ್ಲ, ಉಳ್ಳಾಗಡ್ಡಿ, ಮರಿಚ್ಚು, ಗುಂಡಿ, ಎಲ್ಲಾ. ಎಲ್ಲಿ ಹೊರಗ ದಬ್ತಾನೋ ಅಂತ ಬಾಗಲದಿಂದ ದೂರ ನಿಂತಿದ್ದೆ. ದಾದರದಾಗ ಗಾಡಿ ಬದಲಿ ಮಾಡೋವಾಗ ಕೇಳು ಹೇಳಿದ: ಅದು ಅವನ ಸ್ವಂತ ಕಥಿ. ಹಿಂದಿನ ವರ್ಷ ಅಪ್ಪ ಹೋದಾಗ ತಾರು ತಡಾ ಮಾಡಿ ಮುಟ್ಟಿತ್ತು. ಬೆಂಕಿ ಇಡಲಿಕ್ಕೆ ಅವ ಇರಲಿಲ್ಲ. ಅದಕ್ಕ ಸಿನಿಮಾದಾಗರೆ ಇಡೋಣ ಅಂತ ಬರದಿದ್ದ.

"ನಾಳೆನ ಹೋಗಿ ಸೇಠಜೀಗೆ ಖರೇ ಹೇಳ್ತೇನಿ" ಅಂದೆ.

"ಬಾಯಿ ಮುಚ್ಚು" ಅಂದ. ಕುರ್ಲಾದಾಗ ಇಳಿಯೋವಾಗ ಅಂಗಿ ಗುಂಡಿ ಒಂದೊಂದ ಹಾಕ್ಕೋತ, "ಇರಲಿ, ಬದುಕಿರಲಿ" ಅಂದ. ಒಂದು ತಾಸಿನ ಮ್ಯಾಲೆ ಚಹಾ ಕುಡಕೋತ "ಡಾಕ್ಟರ್ ಹಂತ್ಯಾಕ ಒಯ್ತಾರಂತ, ಕತ್ತಿ!" ಅಂತ ಬೈದು ನಕ್ಕ. ಅವ ನಕ್ಕ ಮ್ಯಾಲೆನ ನಾ ಚಹಾ ಕುಡದೆ.

ಮಾವನ ಅಂಗಡಿಗೆ ಹೋಗಲಿಲ್ಲ, ಮದ್ರಾಸಿಗೆ ಹೋದ. ಇಪ್ಪತ್ತಾರನೇ ವರ್ಷಕ್ಕ ಬಿಳೀ ಗಡ್ಡ ಹಚ್ಚಿದ. ಫಿಲ್ಮ್ ಓಡಿತು. ಆಮ್ಯಾಲೆ ಅವನಿಗೆ ಬೇರೆ ಪಾರ್ಟ್ ಯಾರು ಕೊಡ್ತಾರ? ಅವ ಬರದ ಕಥಿಯೊಳಗೂ ಮರೆಯೋ ಜಡ್ಜ್, ಮರೆಯೋ ಮಾಸ್ತರು, ಮರೆಯೋ ಗಂಡ. ತನಗಿಂತ ಹಿರಿಯ ಹೀರೋಗಳಿಗೆಲ್ಲಾ ಅವನ ಅಪ್ಪ. ಖರೇನ ಮುದುಕ ಆದಾಗ ಪ್ರೊಡ್ಯೂಸರ್‌ಗಳು "ಮೊದಲಿನಂಗ ಮುದುಕ ಕಾಣೂದಿಲ್ಲ" ಅಂತ ಕೈಬಿಟ್ರಂತ. ಪರದೆ ಮ್ಯಾಲೆ ಬ್ಯಾರೆ ಹೆಸರು ಇಟ್ಟುಕೊಂಡಿದ್ದ, ಅದನ್ನ ಹೇಳೂದಿಲ್ಲ. ಆ ಮೊದಲನೇ ಫಿಲ್ಮ್ ಓಡಿದ ಹೊತ್ತಿನ್ಯಾಗ ಒಂದು ಪೇಪರಿನವರು ಕೇಳಿದಾಗ ಅವ, "ಮೊದಲನೇ ಕಥಿ ತಿದ್ದಿದಾಂವ ಕುರ್ಲಾದ ಕನ್ನಡದ ದೋಸ್ತ, ಅವನ ಮಲಯಾಳಂ ನನಗಿಂತ ಚಲೋ" ಅಂತ ಹೇಳಿಬಿಟ್ಟ. ಚಾಳಿನ ತುಂಬ ಸುದ್ದಿ ಆತು. ನಾನೂ ಕಾಲರ್ ಏರಿಸಿಕೊಂಡು ತಿರುಗಿದೆ.

ಅದ ವಾರ ಅವನ ಕಾಗದ ಬಂತು. ನಾಲ್ಕು ಪುಟ, ಪೂರ್ತಿ ಮಲಯಾಳಂ. ಹಡಬೆ ಬೇಕಂತನ ಬರದಾನ. ಹೊಗಳ್ಯಾನೋ, ಅಪ್ಪನ ಕಥಿ ಕೆಡಿಸಿದ್ದಕ್ಕ ನಾಲ್ಕು ಪುಟ ಬೈದಾನೋ, ಇವತ್ತಿನ ತನಕ ಗೊತ್ತಿಲ್ಲ. ಓದಿಸಬೇಕಂದ್ರ ಯಾರ ಹತ್ರ ಹೋಗ್ಲಿ? ಊರಿಗೆಲ್ಲಾ ನಾ ಮಲಯಾಳಂ ಪಂಡಿತ. ಹೆಂಡತಿ ಒಮ್ಮೆ ಕೇಳಿದ್ಲು, "ಏನು ಬರದಾರ್ರೀ?" ಅಂತ. "ನಿನ್ನನ್ನ ಭಾಳ ಕೇಳ್ಯಾನ" ಅಂದೆ.

ಹಿಂಗ ನೀವೂ ಬಾರದ ಭಾಷಾದಾಗ ಬಾಯಿ ಹಾಕಿ ಯಾರ ಬಾಳು ಎತ್ತಾಗ ತಿರುಗಿಸೀರಿ? ನಾಚಿಗಿ ಬಿಟ್ಟು ಕೆಳಗ ಬರೀರಿ, ಎಲ್ಲಾ ಓದ್ತೇನಿ. ಕನ್ನಡದಾಗ ಬರೀರಿ, ಕೈ ಮುಗೀತೇನಿ.